ಗೋಡೆಯಾಚೆಯ ಶಾಲೆ ಮತ್ತು ನಮ್ಮ ಪ್ರಾರ್ಥನೆ

ಜೂನ್ ತಿಂಗಳು ಬಂತೆಂದರೆ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ವಿಶೇಷ ಬಿನ್ನಹಗಳು ಕೇಳಿಬರುತ್ತವೆ. ಹೊಸ ತರಗತಿಗೆ ಕಾಲಿಡುವ ಮಕ್ಕಳಿಗೆ ಒಳ್ಳೆಯ ಬುದ್ಧಿ ಕೊಡು, ಎಸ್ಸೆಸ್ಸೆಲ್ಸಿ ಬರೆಯಲಿರುವವರಿಗೆ ನೆನಪಿನ ಶಕ್ತಿ ಕೊಡು, ದೂರದ ಊರಿನ ಹಾಸ್ಟೆಲಿನಲ್ಲಿರುವವರನ್ನು ಕಾಪಾಡು ಎಂದು ತಾಯಂದಿರು ಕಣ್ಣು ಮುಚ್ಚಿ ಬೇಡುತ್ತಾರೆ. ಜಪಸರ ಮುಗಿದು, ಶುಭಸಂದೇಶದ ವಾಚನ ಹಾಗೂ ಚಿಂತನೆ ನಡೆದು, ಕಡೆಗೆ ಕಾಫಿಯೊಂದಿಗೆ ಕೂಟ ಮುಕ್ತಾಯವಾಗುತ್ತದೆ. ಕರಾವಳಿಯಲ್ಲಿ ಇದನ್ನು ವಾಳೆಯ ಕೂಟವೆನ್ನುತ್ತಾರೆ. ಬಯಲುಸೀಮೆಯ ಧರ್ಮಕೇಂದ್ರಗಳಲ್ಲಿ ಬಡಾವಣೆ ಪ್ರಾರ್ಥನೆ ಎಂದೋ ಕಿರು ಕ್ರೈಸ್ತ ಸಮುದಾಯ ಎಂದೋ ಕರೆಯುತ್ತಾರೆ. ಹೆಸರು ಯಾವುದೇ ಇರಲಿ, ಹತ್ತು ಹದಿನೈದು ಕುಟುಂಬಗಳು ಒಂದೆಡೆ ಮೊಣಕಾಲೂರುವ ಈ ಪದ್ಧತಿ ನಮ್ಮ ವಿಶ್ವಾಸದ ಬದುಕಿಗೆ ದೊಡ್ಡ ಆಸರೆಯಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ನಾವು ಯಾರ ಮಕ್ಕಳಿಗಾಗಿ ಪ್ರಾರ್ಥಿಸುತ್ತೇವೆ? ಈ ಪ್ರಶ್ನೆಯನ್ನು ನಮಗೆ ಕೇಳಿದವರು ಧರ್ಮಗುರುಗಳೂ ಅಲ್ಲ, ಧರ್ಮಾಧ್ಯಕ್ಷರೂ ಅಲ್ಲ. ಕೇಳಿದ್ದು ಒಂದು ಶಾಲೆಯ ಗಂಟೆ. ಅದೂ ಬಾರಿಸಿ ಅಲ್ಲ, ಬಾರಿಸದೆ.

ನಮ್ಮ ಬಡಾವಣೆಯ ಕೂಟ ಹಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ಒಂದು ಮನೆಯಲ್ಲಿ ಸೇರುತ್ತಿತ್ತು. ಆ ಮನೆಯ ಹಿತ್ತಿಲಿಗೆ ಹೊಂದಿಕೊಂಡಂತೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಮನೆಗೂ ಶಾಲೆಗೂ ನಡುವೆ ಇದ್ದುದು ಒಂದೇ ಗೋಡೆ. ಶನಿವಾರದ ಬೆಳಗಿನ ಶಾಲೆ ಬಿಡುವ ಗಂಟೆ ಬಾರಿಸಿದೊಡನೆ ನಮ್ಮಲ್ಲಿ ಯಾರಾದರೊಬ್ಬರು ಮುಕ್ತಾಯ ಪ್ರಾರ್ಥನೆಯನ್ನು ಆರಂಭಿಸುವುದು ರೂಢಿಯಾಗಿತ್ತು. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಒಂದು ಜೂನ್ ತಿಂಗಳ ಶನಿವಾರ ಚಿಂತನೆ ಮುಗಿಯಿತು, ಬಿನ್ನಹಗಳೂ ಮುಗಿದವು, ಹಾಡನ್ನೂ ಹಾಡಿದ್ದಾಯಿತು. ಗಂಟೆಯ ಸದ್ದಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, “ಯಾಕಮ್ಮಾ, ಇವತ್ತು ಗಂಟೆ ಹೊಡೆಯಲೇ ಇಲ್ಲವಲ್ಲ?” ಎಂದು ಕೇಳಿದರು. ಆಮೇಲೆ ವಿಚಾರಿಸಿದಾಗ ತಿಳಿಯಿತು. ಮಕ್ಕಳ ಸಂಖ್ಯೆ ತೀರ ಇಳಿದದ್ದರಿಂದ ಆ ಶಾಲೆಯನ್ನು ಸುಮಾರು 2 ಕಿಲೋಮೀಟರು ದೂರದ ಹಿರಿಯ ಪ್ರಾಥಮಿಕ ಶಾಲೆಯೊಂದಿಗೆ ಸೇರಿಸಿದ್ದರು. ಕಡೆಯ ವರ್ಷ ಅಲ್ಲಿದ್ದದ್ದು 9 ಮಕ್ಕಳು.

ಅಷ್ಟು ವರ್ಷ ನಾವು ಆ ಗಂಟೆಯನ್ನು ಕೇಳಿಸಿಕೊಂಡಿದ್ದೆವು. ಅದನ್ನು ಬಾರಿಸುತ್ತಿದ್ದವರು ಯಾರು, ಅದಕ್ಕೆ ಓಗೊಟ್ಟು ಬರುತ್ತಿದ್ದ ಮಕ್ಕಳು ಯಾರ ಮನೆಯವರು ಎಂಬುದನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ವಿದ್ಯಾರ್ಥಿಗಳಿಗಾಗಿ ನಾವು ಸಲ್ಲಿಸಿದ ನೂರಾರು ಬಿನ್ನಹಗಳಲ್ಲಿ ಗೋಡೆಯಾಚೆಯ ಮಕ್ಕಳ ಹೆಸರು ಒಂದೂ ಇರಲಿಲ್ಲ. ಅದು ನಮ್ಮ ಮನಸ್ಸನ್ನು ಚುಚ್ಚಿತು. ಈ ಲೇಖನ ಹುಟ್ಟಿದ್ದು ಆ ಚುಚ್ಚುವಿಕೆಯಿಂದಲೇ.

ಕೂಟಗಳಿಂದ ಹುಟ್ಟಿದ ಶಾಲೆಗಳು

ಪ್ರಾರ್ಥನಾ ಕೂಟಕ್ಕೂ ಶಾಲೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಧರ್ಮಸಭೆಯ ಚರಿತ್ರೆಯನ್ನು ತಿರುವಿ ನೋಡಿದರೆ ಆ ಸಂಬಂಧ ಹೊಸದೇನಲ್ಲವೆಂದು ತಿಳಿಯುತ್ತದೆ. 1536ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಸ್ಟೆಲ್ಲಿನೋ ದ ಕಸ್ಟೆಲ್ಲೋ ಎಂಬ ಧರ್ಮಗುರುಗಳು ಬೀದಿಯ ಮಕ್ಕಳನ್ನು ಸೇಬುಹಣ್ಣಿನ ಆಸೆ ತೋರಿಸಿ ಕರೆತಂದು ಧರ್ಮೋಪದೇಶ ಆರಂಭಿಸಿದರು. ಅವರ ಸುತ್ತ ನೆರೆದ ಭಕ್ತ ಗೃಹಸ್ಥರ ಸಂಘ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬಡ ಮಕ್ಕಳಿಗೆ ಜಪಗಳ ಜೊತೆಗೆ ಓದುಬರಹವನ್ನೂ ಕಲಿಸತೊಡಗಿತು. ಅದೇ ಶತಮಾನದ ಕೊನೆಯಲ್ಲಿ ಸ್ಪೇನಿನಿಂದ ರೋಮಿಗೆ ಬಂದಿದ್ದ ಸಂತ ಜೋಸೆಫ್ ಕಲಸಾಂಜ್‌ರವರು ಇಂತಹ ಭಕ್ತಸಂಘಗಳ ಸದಸ್ಯರಾಗಿ ಬಡವರ ಕೇರಿಗಳಿಗೆ ಭೇಟಿ ನೀಡುತ್ತಿದ್ದರು. ಹಾಗೆ ಮನೆಮನೆಗೆ ಹೋದಾಗ ಕಂಡದ್ದು ಅಕ್ಷರವಿಲ್ಲದೆ ಅಲೆಯುತ್ತಿದ್ದ ಮಕ್ಕಳನ್ನು. 1597ರಲ್ಲಿ ರೋಮಿನ ಟ್ರಾಸ್ಟೆವರೆ ಭಾಗದ ಸಂತ ದೊರೊತೆಯ ದೇವಾಲಯದ ಕೊಠಡಿಗಳಲ್ಲಿ ಅವರು ಆರಂಭಿಸಿದ ಶುಲ್ಕವಿಲ್ಲದ ಶಾಲೆ ಮುಂದೆ ಒಂದು ಧಾರ್ಮಿಕ ಸಭೆಯಾಗಿಯೇ ಬೆಳೆಯಿತು. 12ನೇ ಪಯಸ್ ಜಗದ್ಗುರುಗಳು 1948ರಲ್ಲಿ ಅವರನ್ನು ಕ್ರೈಸ್ತ ಶಾಲೆಗಳ ಪಾಲಕ ಸಂತರೆಂದು ಘೋಷಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ಚಿರಪರಿಚಿತವಾದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಕಥೆಯೂ ಇದೇ ಬಗೆಯದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಒಜನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಮತ್ತು ಅವರ ಗೆಳೆಯರು ಧರ್ಮದ ಹಿರಿಮೆಯ ಬಗ್ಗೆ ಚರ್ಚೆ ನಡೆಸುತ್ತಿದ್ದಾಗ, ಈ ಹಿರಿಮೆಯೆಲ್ಲ ಹಿಂದಿನ ಕಾಲದ್ದು, ಈಗ ನೀವೇನು ಮಾಡುತ್ತಿದ್ದೀರಿ ಎಂಬ ಸವಾಲು ಎದುರಾಯಿತು. ಉತ್ತರವಾಗಿ ಅವರು ಬಡವರ ಮನೆಗಳ ಬಾಗಿಲು ತಟ್ಟಿದರು. ಆ ಸಭೆ 1863ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂತು. ಇಂದಿಗೂ ಅದರ ಕೂಟ ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದಲೇ ಮುಗಿಯುತ್ತದೆ. ನಡುವೆ ಯಾರ ಮನೆಗೆ ಹೋಗಿಬಂದೆವು, ಯಾವ ಮಗುವಿನ ಶಾಲಾ ಶುಲ್ಕ ಬಾಕಿಯಿದೆ ಎಂಬ ವರದಿ ಇರುತ್ತದೆ. ಕೂಟದಲ್ಲಿ ಸುತ್ತುವ ಕಾಣಿಕೆಯ ಚೀಲಕ್ಕೆ ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯುವುದಿಲ್ಲ.

ನೆರೆನಾಡಿನ ಹಿಡಿಯಕ್ಕಿ

ಆದರೆ ಇಷ್ಟು ದೂರ ಹೋಗುವ ಅಗತ್ಯವೇನೂ ಇಲ್ಲ. ನಮ್ಮ ಪಕ್ಕದ ಕೇರಳದಲ್ಲಿ, ಸಂತ ಕುರಿಯಾಕೋಸ್ ಎಲಿಯಾಸ್ ಚಾವರರವರು ತೋರಿದ ದಾರಿ ನಮ್ಮ ಮನೆಯ ಅಡುಗೆ ಕೋಣೆಯಿಂದಲೇ ಆರಂಭವಾಗುವಂಥದು.

1805ರಲ್ಲಿ ಕುಟ್ಟನಾಡಿನ ಕೈನಕರಿಯಲ್ಲಿ ಹುಟ್ಟಿದ ಚಾವರರವರು 1829ರಲ್ಲಿ ಗುರುದೀಕ್ಷೆ ಪಡೆದರು. ಮಾನ್ನಾನಂ ಗುಡ್ಡದ ಮೇಲೆ ಹಿರಿಯ ಗುರುಗಳೊಂದಿಗೆ ಕೂಡಿ ಕಟ್ಟಿದ ಆಶ್ರಮವೇ ಇಂದಿನ ಸಿ.ಎಂ.ಐ. ಸಭೆಯ ತೊಟ್ಟಿಲು. ಬೆಂಗಳೂರಿನ ಧರ್ಮಾರಾಮ್ ಮತ್ತು 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜುಗಳ ಮೂಲಕ ಆ ಸಭೆ ಕನ್ನಡಿಗರಿಗೂ ಪರಿಚಿತ. 1846ರಲ್ಲಿ ಮಾನ್ನಾನಂನಲ್ಲಿ ಅವರು ಸಂಸ್ಕೃತ ಶಾಲೆಯನ್ನೂ ಒಂದು ಮುದ್ರಣಾಲಯವನ್ನೂ ಸ್ಥಾಪಿಸಿದರು. 1861ರಲ್ಲಿ ಸುರಿಯಾನಿ ಕಥೋಲಿಕರ ವಿಕಾರ್ ಜನರಲ್ ಆದ ಮೇಲೆ, 1864ರಲ್ಲಿ, ಪ್ರತಿಯೊಂದು ಚರ್ಚಿನ ಜೊತೆಗೂ ಒಂದು ಶಾಲೆಯಿರಬೇಕೆಂದು ಆದೇಶಿಸಿದರು. ಮಲಯಾಳದಲ್ಲಿ ಚರ್ಚಿಗೆ ‘ಪಳ್ಳಿ’ ಎನ್ನುತ್ತಾರೆ, ಶಾಲೆಗೆ ‘ಪಳ್ಳಿಕ್ಕೂಡಂ’ ಎನ್ನುತ್ತಾರೆ. ಈ ಮಾತುಗಳು ಚಾವರರವರಿಗಿಂತ ಬಹು ಹಳೆಯವಾದರೂ ಅವುಗಳ ನಂಟನ್ನು ಊರೂರಿನಲ್ಲಿ ನಿಜವಾಗಿಸಿದವರಲ್ಲಿ ಅವರು ಪ್ರಮುಖರು.

ಆದೇಶ ಹೊರಡಿಸುವುದು ಸುಲಭ, ಮಕ್ಕಳನ್ನು ಕರೆತರುವುದು ಕಷ್ಟ. ಅಂದಿನ ತಿರುವಾಂಕೂರನ್ನು ನೆನೆಸಿಕೊಳ್ಳಬೇಕು. ಅಲ್ಲಿ ಗುಲಾಮಗಿರಿಯನ್ನು ಕಾನೂನಿನ ಮೂಲಕ ರದ್ದುಗೊಳಿಸಿದ್ದೇ 1855ರಲ್ಲಿ. ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಪುಲಯ ಮೊದಲಾದ ಸಮುದಾಯಗಳ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಪ್ರೊಟೆಸ್ಟಂಟ್ ಮಿಷನರಿಗಳು ಕೆಲವೆಡೆ ತೆರೆದಿದ್ದ ಶಾಲೆಗಳನ್ನು ಬಿಟ್ಟರೆ ಅವರಿಗೆ ಅಕ್ಷರ ಕಲಿಸುವವರು ವಿರಳ. ಬಾಗಿಲು ತೆರೆದರೂ ಇನ್ನೊಂದು ತೊಡಕಿತ್ತು. ದುಡಿಯಲು ಹೋದ ಮಗುವಿಗೆ ಮಧ್ಯಾಹ್ನದ ಗಂಜಿ ಸಿಗುತ್ತಿತ್ತು. ಶಾಲೆಗೆ ಬಂದ ಮಗುವಿಗೆ ಹಸಿವೆಯೇ ಗತಿ. ಮಾನ್ನಾನಂನಲ್ಲಿಯೂ ಸಮೀಪದ ಆರ್ಪೂಕರದಲ್ಲಿಯೂ ಈ ಮಕ್ಕಳಿಗಾಗಿ ಶಾಲೆ ತೆರೆದಾಗ ಚಾವರರವರು ಪುಸ್ತಕ, ಬಟ್ಟೆಗಳ ಜೊತೆಗೆ ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು.

ಆ ಊಟಕ್ಕೆ ಅಕ್ಕಿ ಎಲ್ಲಿಂದ ಬರಬೇಕು? ಇಲ್ಲಿಯೇ ಬರುತ್ತದೆ ‘ಪಿಡಿಯರಿ’, ಎಂದರೆ ಹಿಡಿಯಕ್ಕಿ. ಪ್ರತಿ ಮನೆಯ ಗೃಹಿಣಿ ಅನ್ನಕ್ಕಿಡುವ ಮುನ್ನ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಬೇರೊಂದು ಪಾತ್ರೆಗೆ ಹಾಕಬೇಕು. ಹಾಗೆ ಕೂಡಿದ ಅಕ್ಕಿ ಶಾಲೆಗೆ ಹೋಗುತ್ತದೆ. ಸಿರಿವಂತರ ದೊಡ್ಡ ದೇಣಿಗೆಗಾಗಿ ಕಾಯಲಿಲ್ಲ, ವಿದೇಶದ ಹಣಕ್ಕೆ ಕೈಚಾಚಲಿಲ್ಲ. ಬಡವರ ಮನೆಯ ಒಲೆಯ ಮುಂದೆ ನಡೆದ ಸಣ್ಣ ಕ್ರಿಯೆಯೊಂದು ಇನ್ನೂ ಬಡವರ ಮಗುವಿಗೆ ಊಟವಾಯಿತು.

ಇದರ ಒಳಗುಟ್ಟನ್ನು ಸ್ವಲ್ಪ ಗಮನಿಸೋಣ. ವರ್ಷಕ್ಕೊಮ್ಮೆ ಕೊಡುವ ಚಂದಾ ಕೊಟ್ಟ ಮರುದಿನವೇ ಮರೆತುಹೋಗುತ್ತದೆ. ಹಿಡಿಯಕ್ಕಿ ಹಾಗಲ್ಲ. ಅದು ದಿನವೂ ತಾಯಿಗೆ ಶಾಲೆಯನ್ನು ನೆನಪಿಸುತ್ತದೆ. ಒಲೆಯ ಮೇಲೆ ಎಸರು ಇಟ್ಟಾಗಲೆಲ್ಲ ತನ್ನ ಮಕ್ಕಳ ಜೊತೆಗೆ ಇನ್ನೊಬ್ಬರ ಮಗುವೂ ಆಕೆಯ ಮನಸ್ಸಿಗೆ ಬರುತ್ತದೆ. ಅಕ್ಕಿಯ ಪಾತ್ರೆ ತುಂಬಿತೇ ಎಂದು ಮನೆಯ ಮಕ್ಕಳೂ ಇಣುಕಿ ನೋಡುತ್ತಾರೆ. ಹೀಗೆ ಶಾಲೆ ಗುರುಗಳ ಜವಾಬ್ದಾರಿಯಷ್ಟೇ ಆಗಿ ಉಳಿಯದೆ ಮನೆಮನೆಯ ಕೆಲಸವಾಗುತ್ತದೆ. ಪ್ರಾರ್ಥನೆಗೂ ಇಂಥ ಒಂದು ಹಿಡಿ ಬೇಕು. ಪ್ರತಿದಿನ ಕೈಯಿಂದ ನಡೆಯುವ ಸಣ್ಣ ಕೆಲಸವೊಂದು ಜೊತೆಗಿದ್ದರೆ ಮಾತ್ರ ಬಾಯಿಯ ಬಿನ್ನಹ ಮನಸ್ಸಿನಲ್ಲಿ ನೆಲೆ ನಿಲ್ಲುತ್ತದೆ ಎಂಬುದೇ ಚಾವರರವರ ಜಾಣ್ಮೆಯಿಂದ ನಾವು ಕಲಿಯಬೇಕಾದ ಪಾಠ.

1868ರಲ್ಲಿ ಅವರು ತಮ್ಮ ಹುಟ್ಟೂರಾದ ಕೈನಕರಿಯ ಕುಟುಂಬಗಳಿಗೆ ತಂದೆಯ ಉಯಿಲಿನಂತಹ ಒಂದು ಪತ್ರ ಬರೆದರು. ಮಕ್ಕಳನ್ನು ಶಾಲೆಗೆ ಕಳುಹಿಸಿದರೆ ಸಾಲದು, ಅವರ ಓದು ಹೇಗೆ ನಡೆದಿದೆ, ಅವರ ಗೆಳೆಯರು ಯಾರು ಎಂಬುದನ್ನೂ ತಂದೆತಾಯಿಗಳು ವಿಚಾರಿಸುತ್ತಿರಬೇಕು ಎಂಬ ಬುದ್ಧಿಮಾತು ಅದರಲ್ಲಿದೆ. ಮರುವರ್ಷ ಅದೇ ಊರಿನಲ್ಲಿ, ಒಳ್ಳೆಯ ಮರಣಕ್ಕಾಗಿ ಪ್ರಾರ್ಥಿಸುವ ಭಕ್ತಸಂಘವೊಂದರ ಆಸರೆಯಲ್ಲಿ ನಿರ್ಗತಿಕರ ಮನೆಯೊಂದು ಆರಂಭವಾಯಿತು. ಪ್ರಾರ್ಥಿಸಲು ಕೂಡಿದ ಜನರೇ ಅನಾಥ ವೃದ್ಧರ ಹಾಸಿಗೆಯ ಪಕ್ಕದಲ್ಲಿಯೂ ನಿಂತರು. 1871ರ ಜನವರಿ 3ರಂದು ಅವರು ದೈವಾಧೀನರಾದರು. 2014ರ ನವೆಂಬರ್ 23ರಂದು ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತ ಪದವಿಗೇರಿಸಿದರು.

ನಮ್ಮ ನಾಡಿನ ನೆನಪು

ಕನ್ನಡ ನೆಲಕ್ಕೂ ಈ ಸಂಸ್ಕಾರ ಹೊರಗಿನದಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ದಾಸೋಹದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದ್ದಾರೆ. ಕರಾವಳಿಯಲ್ಲಿ ಮಿಲಾಗ್ರಿಸ್ ಶಾಲೆ 1848ರಲ್ಲಿ ತೆರೆಯಿತು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ನಾಂದಿ ಹಾಡಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಇವೆಲ್ಲ ಪ್ರಸಿದ್ಧ ಹೆಸರುಗಳು. ಇವುಗಳಾಚೆಗೆ ಹಳ್ಳಿಹಳ್ಳಿಯ ಚರ್ಚಿನ ಅಂಗಳದಲ್ಲಿ ಎದ್ದುನಿಂತ ಸಣ್ಣ ಕನ್ನಡ ಶಾಲೆಗಳೆಷ್ಟೋ. ಅವುಗಳ ಹೆಂಚಿಗೆ, ಮಣ್ಣಿಗೆ, ಬೆಂಚಿಗೆ ನಮ್ಮ ಅಜ್ಜ ಅಜ್ಜಿಯರ ಬೆವರು ಸೇರಿದೆ.

ಆ ಶಾಲೆಗಳ ಇಂದಿನ ಸ್ಥಿತಿಯೇನು? ಹಲವೆಡೆ ನಿವೃತ್ತರಾದ ಅನುದಾನಿತ ಶಿಕ್ಷಕರ ಜಾಗ ವರ್ಷಗಟ್ಟಲೆ ಖಾಲಿ ಉಳಿದಿದೆ. ಆಡಳಿತ ಮಂಡಳಿಯೇ ಅಲ್ಪ ಗೌರವಧನ ಕೊಟ್ಟು ಶಿಕ್ಷಕಿಯರನ್ನು ಇಟ್ಟುಕೊಂಡಿದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಸರ್ಕಾರಿ ಕನ್ನಡ ಶಾಲೆಗಳ ಕಥೆಯೂ ಬೇರೆಯಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪಿತ್ತಿತು. ಆಯ್ಕೆ ತಂದೆತಾಯಿಗಳದು. ನಾವು ಆಯ್ಕೆ ಮಾಡಿಯೂ ಆಗಿದೆ. ಇಂಗ್ಲಿಷ್ ಮಾಧ್ಯಮದ ವ್ಯಾನು ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಅದು ತಪ್ಪೆಂದು ನಾವು ಇಲ್ಲಿ ತೀರ್ಪು ಕೊಡುವುದಿಲ್ಲ, ಏಕೆಂದರೆ ನಮ್ಮ ಮಕ್ಕಳನ್ನೂ ನಾವು ಅದೇ ವ್ಯಾನಿಗೆ ಹತ್ತಿಸಿದವರೇ. ಆದರೆ ಹತ್ತಲಾರದ ಮಕ್ಕಳು ಉಳಿದಿದ್ದಾರಲ್ಲ, ಅವರ ಶಾಲೆಗೆ ನಾವು ಏನಾಗಬೇಕು?

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಇದಕ್ಕೆ ಉತ್ತರವಿದೆ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ಸಾರುವ ಆ ಘೋಷಣೆ, ಕಥೋಲಿಕವಲ್ಲದ ಶಾಲೆಗಳಲ್ಲಿ ಕಲಿಯುತ್ತಿರುವ ಬಹುಸಂಖ್ಯೆಯ ಮಕ್ಕಳ ವಿಷಯದಲ್ಲಿಯೂ ಧರ್ಮಸಭೆ ವಿಶೇಷ ಅಕ್ಕರೆಯಿಂದ ಹತ್ತಿರವಿದ್ದು ನೆರವಾಗಬೇಕೆಂದು ಹೇಳುತ್ತದೆ. ನಮ್ಮ ಶಾಲೆ, ಅವರ ಶಾಲೆ ಎಂಬ ಗೋಡೆಯನ್ನು ಧರ್ಮಸಭೆ ಎಂದೋ ತಗ್ಗಿಸಿದೆ. ಅದನ್ನು ಎತ್ತರಿಸಿಕೊಂಡವರು ನಾವು.

ನಾವು ಎಡವಿದ್ದು, ಕಲಿತದ್ದು

ಗಂಟೆ ನಿಂತ ಮೇಲೆ ನಮ್ಮ ಕೂಟದಲ್ಲಿ ದೀರ್ಘ ಚರ್ಚೆ ನಡೆಯಿತು. ಶಾಲೆ ನಡೆಸುವುದು ಸರ್ಕಾರದ ಕೆಲಸ, ನಮಗೇಕೆ ಎಂದರು ಕೆಲವರು. ನಾವು ಹೋದರೆ ಮತಾಂತರಕ್ಕೆ ಬಂದರೆಂದು ಅಪಾರ್ಥ ಮಾಡಿಕೊಳ್ಳುತ್ತಾರೆ ಎಂದರು ಇನ್ನು ಕೆಲವರು. ಎರಡನೆಯ ಆತಂಕ ಸುಳ್ಳೇನಲ್ಲ. ಕಡೆಗೆ, ಮಕ್ಕಳನ್ನು ಸೇರಿಸಿಕೊಂಡಿದ್ದ ದೂರದ ಶಾಲೆಗೆ ನೋಟ್‌ಬುಕ್ಕುಗಳನ್ನು ಕೊಡುವುದೆಂದು ತೀರ್ಮಾನವಾಯಿತು.

ಉತ್ಸಾಹದಲ್ಲಿ ನಾವೊಂದು ತಪ್ಪು ಮಾಡಿದೆವು. ನೋಟ್‌ಬುಕ್ಕಿನ ಹೊದಿಕೆಯ ಮೇಲೆ ಮಾತೆ ಮರಿಯಮ್ಮನವರ ಚಿತ್ರವನ್ನೂ ನಮ್ಮ ಕೂಟದ ಹೆಸರನ್ನೂ ಅಚ್ಚು ಹಾಕಿಸಿದ್ದೆವು. ಮುಖ್ಯೋಪಾಧ್ಯಾಯಿನಿಯವರು ಕಟ್ಟನ್ನು ಬಿಚ್ಚಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಮ್ಮಾ, ಪುಸ್ತಕ ಬೇಡವೆನ್ನುವುದಿಲ್ಲ. ಆದರೆ ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಾದವಳು ನಾನು” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ನೆರವು ನೀಡಲು ಹೋದ ನಾವು ಅವರಿಗೆ ಹೊರೆಯಾಗಿದ್ದೆವು. ಪುಸ್ತಕಗಳನ್ನು ಮನೆಗೆ ಹೊತ್ತು ತಂದು, ಕಂದು ಕಾಗದದ ಬೈಂಡು ಹಾಕಿ ಮರಳಿ ಕೊಂಡೊಯ್ದೆವು. ಬೈಂಡು ಹಾಕುತ್ತಿದ್ದ ಆ ಸಂಜೆ ಕೂಟದ ಯುವತಿಯೊಬ್ಬಳು, “ಹೆಸರು ಕಾಣದಿದ್ದರೆ ದೇವರಿಗೆ ಗೊತ್ತಾಗುವುದಿಲ್ಲವೇ ಆಂಟಿ?” ಎಂದು ಕೇಳಿದಳು. ಎಡಗೈ ಅರಿಯದಂತೆ ಬಲಗೈ ಕೊಡಬೇಕೆಂದು ಪ್ರಭು ಬೋಧಿಸಿದ್ದನ್ನು ಅಷ್ಟು ಹೊತ್ತೂ ನಾವು ಮರೆತಿದ್ದೆವು.

ಈ ವಿಷಯದಲ್ಲಿ ಕಾನೂನು ಏನನ್ನುತ್ತದೆ ಎಂಬುದನ್ನು ಪ್ರತಿಯೊಂದು ಕೂಟವೂ ತಿಳಿದಿರುವುದು ಒಳಿತು. ಸಂವಿಧಾನದ 28ನೇ ವಿಧಿಯಂತೆ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಅಲ್ಪಸಂಖ್ಯಾತರಾದ ನಮಗೆ ನಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು 30ನೇ ವಿಧಿ ನೀಡಿದೆ. ಆ ಹಕ್ಕನ್ನು ಗೌರವಿಸಬೇಕೆಂದು ಕೇಳುವ ನಾವು 28ನೇ ವಿಧಿಯನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಬೇಕಲ್ಲವೇ? ಪ್ರಾರ್ಥನೆ ನಮ್ಮ ಮನೆಯಲ್ಲಿ, ನೆರವು ಅವರ ಶಾಲೆಯಲ್ಲಿ. ಈ ಗೆರೆಯನ್ನು ಸ್ಪಷ್ಟವಾಗಿಟ್ಟುಕೊಂಡರೆ ಅಪಾರ್ಥಕ್ಕೆ ಎಡೆಯೇ ಇರುವುದಿಲ್ಲ.

ನೋಟ್‌ಬುಕ್ಕು ಕೊಟ್ಟು ಮುಗಿದ ಮೇಲೆ ನಾವು ಮುಖ್ಯೋಪಾಧ್ಯಾಯಿನಿಯವರನ್ನು, “ನಿಮಗೆ ನಿಜವಾಗಿ ಏನು ಬೇಕು?” ಎಂದು ಕೇಳಿದೆವು. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು. ಅವರು ಕೇಳಿದ್ದು ಹಣವಲ್ಲ. ನಮ್ಮ ಬಡಾವಣೆಯಿಂದ ಹೋದ 9 ಮಕ್ಕಳ ಪೈಕಿ 3 ಮಕ್ಕಳು ಶಾಲೆಗೆ ಬರುವುದನ್ನೇ ನಿಲ್ಲಿಸಿದ್ದರು. ದಾರಿಯಲ್ಲಿ ಹೆದ್ದಾರಿಯೊಂದನ್ನು ದಾಟಬೇಕಿತ್ತು. ಕೂಲಿಗೆ ಹೋಗುವ ತಾಯಂದಿರು ಬೆಳಗಿನ 7ಕ್ಕೇ ಮನೆ ಬಿಡುತ್ತಿದ್ದರು. ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸುವವರು ಯಾರೂ ಇರಲಿಲ್ಲ. ಬೇಕಾಗಿದ್ದದ್ದು ಒಂದು ಕೈ.

ಆ ವಾರವೇ ಒಂದು ಸರದಿ ಪಟ್ಟಿ ಸಿದ್ಧವಾಯಿತು. ದಿನಕ್ಕೆ ಇಬ್ಬರಂತೆ, ಬಹುಪಾಲು ನಿವೃತ್ತರಾದ ಹಿರಿಯರು, ಮಕ್ಕಳನ್ನು ನಡೆಸಿಕೊಂಡು ಹೋಗಿ ಶಾಲೆಯ ಗೇಟಿನವರೆಗೆ ಬಿಟ್ಟು ಬರತೊಡಗಿದರು. ಮೊದಲಿಗೆ ತಾಯಂದಿರು ಅನುಮಾನದಿಂದ ನೋಡಿದ್ದುಂಟು. ಮಳೆಗಾಲದಲ್ಲಿ ಕೊಡೆ ಹಿಡಿದು ನಿಂತವರನ್ನು ಕಂಡ ಮೇಲೆ ಆ ಅನುಮಾನ ಕರಗಿತು. ನಿಂತುಹೋಗಿದ್ದ 3 ಮಕ್ಕಳಲ್ಲಿ ಒಬ್ಬಳು ಮರಳಿ ಶಾಲೆಗೆ ಬಂದಳು. ಉಳಿದಿಬ್ಬರ ಕುಟುಂಬ ಆ ವೇಳೆಗೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೊರಟುಹೋಗಿತ್ತು. ಒಂದು ವರ್ಷ ಮುಂಚೆ ಗೋಡೆಯಾಚೆ ಇಣುಕಿದ್ದರೆ ಅವರೂ ಉಳಿಯುತ್ತಿದ್ದರೇನೋ ಎಂಬ ಕೊರಗು ನಮಗೆ ಇಂದಿಗೂ ಇದೆ. ಆದರೆ ಒಂದು ಬದಲಾವಣೆಯಂತೂ ಆಯಿತು. ನಮ್ಮ ಶನಿವಾರದ ಬಿನ್ನಹಗಳಲ್ಲಿ ಈಗ ಆ ಮಕ್ಕಳ ಹೆಸರುಗಳಿವೆ. ಯಾರಿಗೆ ಜ್ವರ, ಯಾರಿಗೆ ಮಗ್ಗಿ ಬರುವುದಿಲ್ಲ, ಯಾರ ತಂದೆ ಕುಡಿತ ಬಿಟ್ಟಿದ್ದಾರೆ ಎಂಬುದೆಲ್ಲ ದೇವರ ಮುಂದೆ ನಿವೇದನೆಯಾಗುತ್ತದೆ.

ಇಂದಿನ ಹಿಡಿಯಕ್ಕಿ ಯಾವುದು?

ಚಾವರರವರ ಕಾಲದಲ್ಲಿ ಮಗುವಿಗೂ ಶಾಲೆಗೂ ನಡುವೆ ನಿಂತದ್ದು ಹಸಿವು. ಇಂದು ಆ ಭಾರವನ್ನು ಬಹುಮಟ್ಟಿಗೆ ಸರ್ಕಾರವೇ ಹೊತ್ತಿದೆ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ನೀಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಆರಂಭವಾಯಿತು. 2013ರಲ್ಲಿ ‘ಕ್ಷೀರ ಭಾಗ್ಯ’ದ ಹಾಲೂ ಬಂತು. ಆದ್ದರಿಂದ ಇಂದಿನ ಹಿಡಿಯಕ್ಕಿ ಬಹುತೇಕ ಅಕ್ಕಿಯಲ್ಲ. ಅದು ಯಾವುದೆಂಬುದನ್ನು ಆಯಾ ಕೂಟವೇ ತನ್ನ ನೆರೆಯ ಶಾಲೆಯ ಬಾಗಿಲಲ್ಲಿ ನಿಂತು ಕೇಳಿ ತಿಳಿಯಬೇಕು.

ಕೆಲವೆಡೆ ಅದು ಸಮಯ. ಸಂಜೆ ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಓದಿಸುವುದು, ಲೆಕ್ಕ ಹೇಳಿಕೊಡುವುದು. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕಿಯರಿಗೆ ಕೊರತೆಯೇ? ಕೆಲವೆಡೆ ಅದು ತಿಳುವಳಿಕೆ. ವಲಸೆ ಬಂದ ಕೂಲಿಕಾರರ ಮಕ್ಕಳನ್ನು ವರ್ಗಾವಣೆ ಪತ್ರವಿಲ್ಲ, ಜನನ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಸಿಕೊಳ್ಳುವ ತಂದೆತಾಯಿಗಳಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಈ ಒಂದು ಮಾತನ್ನು ಆ ತಾಯಿಗೆ ಹೇಳಿ, ಜೊತೆಗೆ ಶಾಲೆಯವರೆಗೆ ಹೋಗಿಬರುವುದೇ ದೊಡ್ಡ ಸೇವೆ. ನಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಪ್ಪದೆ ಹೋಗಿ ಶೌಚಾಲಯ, ಕುಡಿಯುವ ನೀರು, ಖಾಲಿ ಹುದ್ದೆಗಳ ವಿಷಯ ಎತ್ತುವುದೂ ಸೇವೆಯೇ.

ಇನ್ನು ನಮ್ಮದೇ ಧರ್ಮಕೇಂದ್ರದ ಕನ್ನಡ ಶಾಲೆಯಿದ್ದರೆ, ಅದರ ಗೌರವಧನದ ಶಿಕ್ಷಕಿಯ ಒಂದು ತಿಂಗಳ ಸಂಬಳದ ಹೊಣೆಯನ್ನು ಒಂದೊಂದು ಕೂಟ ಹೊತ್ತುಕೊಳ್ಳಲು ಸಾಧ್ಯವಿಲ್ಲವೇ? ಹನ್ನೆರಡು ಕೂಟಗಳಿರುವ ಧರ್ಮಕೇಂದ್ರದಲ್ಲಿ ಒಂದು ಕೂಟದ ಪಾಲಿಗೆ ಬರುವುದು ವರ್ಷಕ್ಕೆ ಒಂದೇ ತಿಂಗಳು. ಪ್ರತಿ ಮನೆಯಲ್ಲಿ ಒಂದು ಡಬ್ಬಿಯಿಟ್ಟು, ಜಪಸರ ಹೇಳುವ ಮುನ್ನ ಮಕ್ಕಳ ಕೈಯಿಂದಲೇ ಒಂದೆರಡು ನಾಣ್ಯ ಹಾಕಿಸಿದರೆ ಅದೂ ಹಿಡಿಯಕ್ಕಿಯೇ. ಹಾಕುವ ಮಗುವಿಗೆ ತಾನು ಎಂದೂ ಕಾಣದ ಇನ್ನೊಂದು ಮಗುವಿನ ನೆನಪು ಅಂಟಿಕೊಳ್ಳುತ್ತದೆ. ಆ ಮಗುವಿಗೆ ನಾವು ಕೊಡಬಹುದಾದ ಧರ್ಮೋಪದೇಶದಲ್ಲಿ ಇದಕ್ಕಿಂತ ಹಿರಿದಾದದ್ದು ಉಂಟೇ?

ನಿರ್ಜನ ಪ್ರದೇಶದಲ್ಲಿ ಹಸಿದ ಜನಸ್ತೋಮವನ್ನು ಕಂಡಾಗ ಶಿಷ್ಯರು ಅವರನ್ನು ಕಳುಹಿಸಿಬಿಡುವಂತೆ ಪ್ರಭು ಯೇಸುವನ್ನು ಕೇಳಿಕೊಂಡರು. ಪ್ರಭುವಾದರೋ, ನೀವೇ ಅವರಿಗೆ ಊಟ ಕೊಡಿರೆಂದರು. ಐದು ರೊಟ್ಟಿ, ಎರಡು ಮೀನು ಬಂದದ್ದು ಒಬ್ಬ ಚಿಕ್ಕ ಹುಡುಗನ ಬುತ್ತಿಯಿಂದ ಎಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಅಷ್ಟರಿಂದ ಏನಾದೀತು ಎಂಬ ಸಂದೇಹ ಶಿಷ್ಯರಿಗೂ ಬಂತು. ನಮಗೂ ಬರುತ್ತದೆ. ಆದರೆ ಪವಾಡಕ್ಕೆ ಮುಂಚೆ ಆ ಬುತ್ತಿಯನ್ನು ಯಾರೋ ಒಬ್ಬರು ಬಿಚ್ಚಲೇಬೇಕಾಗಿತ್ತು.

ಪ್ರಿಯ ಓದುಗರೇ, ಈ ವಾರ ನಿಮ್ಮ ಕೂಟ ಸೇರಿದಾಗ, ಬಿನ್ನಹಗಳ ಸಮಯಕ್ಕೆ ಮುನ್ನ ಒಂದೇ ಒಂದು ಪ್ರಶ್ನೆಯನ್ನು ಎಲ್ಲರ ಮುಂದಿಡಿ. ನಮ್ಮ ಮನೆಗೆ ಅತ್ಯಂತ ಹತ್ತಿರದ ಶಾಲೆ ಯಾವುದು, ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೇ? ಗೊತ್ತಿಲ್ಲವಾದರೆ ಮರುದಿನ ಇಬ್ಬರು ಹೋಗಿ ಕೇಳಿ ಬನ್ನಿ. ಕೈಯಲ್ಲಿ ಏನನ್ನೂ ಒಯ್ಯಬೇಕಾಗಿಲ್ಲ. ಗಂಟೆ ಇನ್ನೂ ಬಾರಿಸುತ್ತಿರುವಾಗಲೇ ಹೋಗಿ ಬನ್ನಿ ಎಂಬುದಷ್ಟೇ ನಮ್ಮ ವಿನಂತಿ.